ಕೈಮಾತು ಕಲಿಸುವುದು ಬೀದಿ

ಮುಂಬೈಯ ವಡಾಲ ರೋಡ್ ನಿಲ್ದಾಣದ ಬಳಿ ಲೋಕಲ್ ರೈಲಿನ ಹಾರ್ಬರ್ ಲೈನ್ ಕವಲೊಡೆಯುತ್ತದೆ: ಒಂದು ದಾರಿ ಕುರ್ಲಾ ಮೂಲಕ ಪನ್ವೇಲ್‌ಗೆ, ಇನ್ನೊಂದು ಬಾಂದ್ರಾ ಮೂಲಕ ಗೋರೆಗಾಂವ್‌ಗೆ. ಕಿಕ್ಕಿರಿದ ಲೋಕಲ್‌ನಲ್ಲಿ ನಿಂತವರು ಕೂತವರತ್ತ ಗದ್ದ ಎತ್ತಿ ಅಂಗೈ ತಿರುವಿದರೆ ‘ಎಲ್ಲಿ ಇಳಿಯುತ್ತೀರಿ?’ ಎಂದರ್ಥ. ಉತ್ತರ ಬಂದೊಡನೆ ತಮ್ಮ ಎದೆಗೆ ಬೆರಳು ತೋರಿಸಿಕೊಂಡರೆ ಆ ಸೀಟು ಅವರದೇ. ಅಂಗೈಯನ್ನು ಅಡ್ಡಕ್ಕೆ ಆಡಿಸಿದರೆ ಮೂವರ ಸೀಟಿನಲ್ಲಿ ನಾಲ್ಕನೆಯವರಿಗೆ ಜಾಗ ಬಿಡಬೇಕು. ಕನ್ನಡ, ತುಳು, ಕೊಂಕಣಿ, ತಮಿಳು, ಮರಾಠಿ, ಹಿಂದಿ, ಮನೆಮಾತು ಯಾವುದೇ ಇರಲಿ, ಇದು ಎಲ್ಲರಿಗೂ ತಿಳಿಯುತ್ತದೆ. ಆದರೂ ಕೈ ಆಡಿಸಿ ಮಾತಾಡುವುದು ಇಟಲಿಯವರ ಹುಟ್ಟುಗುಣ ಎಂಬ ನಂಬಿಕೆ ಎಲ್ಲೆಡೆ ಇದೆ. ನನಗೆ ಅದು ತಪ್ಪೆನಿಸುತ್ತದೆ. ಕೈಸನ್ನೆಯನ್ನು ಕಲಿಸುವುದು ಜನ ಬದುಕುವ ಬೀದಿ.

ಇಟಲಿಯೇ ಇದಕ್ಕೆ ಸಾಕ್ಷಿ. ನೇಪಲ್ಸ್‌ನ ಜನ ‘ಇಲ್ಲ’ ಎನ್ನಲು ತಲೆಯನ್ನು ಹಿಂದಕ್ಕೆ ಎತ್ತುತ್ತಾರೆ, ಗ್ರೀಕರ ಹಾಗೆ. ರೋಮಿನವರು ತಲೆಯನ್ನು ಅತ್ತಿತ್ತ ಆಡಿಸುತ್ತಾರೆ. ದಕ್ಷಿಣ ಇಟಲಿಯಲ್ಲಿ ಹಿಂದೆ ಗ್ರೀಕರು ನೆಲಸಿದ್ದರು. ಅವರ ರೂಢಿ ಇನ್ನೂ ಅಲ್ಲಿ ಉಳಿದಿದೆ ಎನ್ನುತ್ತಾರೆ ಸಂಶೋಧಕರು. ನೇಪಲ್ಸ್‌ನ ಪಾದ್ರಿ ಆಂದ್ರೇಯಾ ದೆ ಯೋರಿಯೊ 1832ರಲ್ಲಿಯೇ ತನ್ನೂರ ಬೀದಿಯ ಸನ್ನೆಗಳಿಂದ ಪ್ರಾಚೀನ ಪಾತ್ರೆಗಳ ಮೇಲಿನ ಚಿತ್ರಗಳಿಗೆ ಅರ್ಥ ಹೇಳಿದ್ದ. ಇನ್ನೂ ಬಲವಾದ ಆಧಾರ ನ್ಯೂಯಾರ್ಕ್‌ನದು. ಅಲ್ಲಿ ನೆಲಸಿದ ದಕ್ಷಿಣ ಇಟಲಿಯವರನ್ನೂ ಪೂರ್ವ ಯುರೋಪಿನ ಯಹೂದಿಗಳನ್ನೂ ಗಮನಿಸಿದ ಸಂಶೋಧಕ ಡೇವಿಡ್ ಎಫ್ರಾನ್ 1941ರಲ್ಲಿ ಪುಸ್ತಕ ಪ್ರಕಟಿಸಿದರು. ಅಮೆರಿಕದ ಬದುಕಿಗೆ ಹೊಂದಿಕೊಂಡ ಮುಂದಿನ ತಲೆಮಾರಿನಲ್ಲಿ ಹಿರಿಯರ ಸನ್ನೆಗಳು ಮಾಸಿದ್ದವು. ರಕ್ತ ಅದೇ, ಬೀದಿ ಬೇರೆ.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ. ಹುಟ್ಟುಕುರುಡರೂ ಮಾತಾಡುವಾಗ, ಎದುರಿರುವವರಿಗೂ ಕಣ್ಣು ಕಾಣದಿದ್ದಾಗ ಸಹ, ಕೈ ಆಡಿಸುತ್ತಾರೆ ಎಂದು ಸಂಶೋಧಕರಾದ ಐವರ್ಸನ್ ಮತ್ತು ಗೋಲ್ಡಿನ್-ಮೆಡೊ 1998ರಲ್ಲಿ ತೋರಿಸಿದರು. ಹಾಗಾದರೆ ಅದು ಹುಟ್ಟಿನಿಂದಲೇ ಬಂದದ್ದಲ್ಲವೇ? ಕೈ ಆಡಿಸುವ ಶಕ್ತಿ ಹುಟ್ಟಿನಿಂದ ಬಂದದ್ದೇ, ಮಾತಾಡುವ ಶಕ್ತಿಯೂ ಹಾಗೆಯೇ. ಯಾವ ಸನ್ನೆಗೆ ಯಾವ ಅರ್ಥ, ಎಷ್ಟು ಆಡಿಸಿದರೆ ಚೆನ್ನ ಎಂಬುದು ಮಾತ್ರ ಕಲಿತದ್ದು. ಬೆರಳ ತುದಿಗಳನ್ನು ಒಟ್ಟುಗೂಡಿಸಿ ಮೇಲೆತ್ತಿ ಆಡಿಸಿದರೆ ಇಟಲಿಯಲ್ಲಿ ‘ಏನು ಹೇಳುತ್ತಿದ್ದೀಯ?’ ಎಂದಾಗುತ್ತದೆ, ಅವೇ ಬೆರಳು ವಡಾಲದಲ್ಲಿ ಬಾಯತ್ತ ಹೋದರೆ ‘ಊಟ ಆಯ್ತಾ?’ ಬೀದಿಯೇ ಕಲಿಸುವುದಾದರೆ ಗದ್ದಲ, ಜನಸಂದಣಿ ಇದ್ದ ಕಡೆಯಲ್ಲೆಲ್ಲ ಸನ್ನೆ ಬೆಳೆಯಬೇಕಿತ್ತಲ್ಲ ಎಂದೂ ಕೇಳಬಹುದು. ಇಕ್ಕಟ್ಟೊಂದೇ ಸಾಲದು, ಅಪರಿಚಿತರನ್ನು ಮಾತಾಡಿಸುವ ರೂಢಿಯೂ ಬೇಕು. ನೇಪಲ್ಸ್‌ನ ಓಣಿಗಳಲ್ಲೂ ಮುಂಬೈಯ ಲೋಕಲ್‌ನಲ್ಲೂ ಎರಡೂ ಇವೆ.

ಬೀದಿ ಕಲಿಸಿದ ಸನ್ನೆ ಬೀದಿ ಬದಲಾದಂತೆ ಮಾಸಲೂಬಹುದು. ಮುಂಬೈ ಕನ್ನಡಿಗರ ಮಾತು, ಬರಹ, ರಂಗಭೂಮಿಗಳ ದಾಖಲೆ ನಡೆದಿದೆ. ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗವೂ ಇಲ್ಲಿನ ಕರ್ನಾಟಕ ಸಂಘಗಳೂ ಕೈಸನ್ನೆಗಳನ್ನೂ ವಿಡಿಯೋದಲ್ಲಿ ಹಿಡಿದಿಡಬೇಕು; ಹಿರಿಯ ಪ್ರಯಾಣಿಕರು ನಮ್ಮ ನಡುವೆ ಇರುವಾಗಲೇ ಆ ಕೆಲಸ ಆಗಲಿ.