ಬ್ರಹ್ಮಕಮಲ ಅರಳಲು ಬೇಕಾದ್ದು ಪುಣ್ಯವಲ್ಲ

ಪುಣ್ಯವಂತರ ಮನೆಯಲ್ಲಷ್ಟೇ ಬ್ರಹ್ಮಕಮಲ ಅರಳುತ್ತದೆ ಎನ್ನುತ್ತಾರೆ. ಅಕ್ಕಪಕ್ಕದವರಿಂದ ತುಂಡು ತಂದು ನೆಟ್ಟು, ವರ್ಷಗಟ್ಟಲೆ ಹಸಿರನ್ನೇ ನೋಡುತ್ತ ಕೂತವರಿಗೆ ಈ ಮಾತು ಚುಚ್ಚುತ್ತದೆ. ಅವರ ಪಾಪಪುಣ್ಯ ಏನೇ ಇರಲಿ, ಮೊದಲು ನೋಡಬೇಕಾದ್ದು ಕುಂಡ ಇಟ್ಟಿರುವ ಜಾಗವನ್ನು.

ಹನ್ನೆರಡು ವರ್ಷಕ್ಕೊಮ್ಮೆ ಅರಳುತ್ತದೆ ಎಂಬುದೂ ಸುಳ್ಳೇ. ಚೆನ್ನಾಗಿ ಬಲಿತ ಗಿಡ ಪ್ರತಿ ಮಳೆಗಾಲದಲ್ಲೂ, ಕೆಲವೊಮ್ಮೆ ಒಂದೇ ಹಂಗಾಮಿನಲ್ಲಿ ಎರಡು ಮೂರು ಸರದಿಯಲ್ಲೂ ಹೂ ಬಿಡುತ್ತದೆ. ಉತ್ತರಾಖಂಡದ ರಾಜ್ಯಪುಷ್ಪವಾದ ಹಿಮಾಲಯದ ಬ್ರಹ್ಮಕಮಲಕ್ಕೂ ಇದಕ್ಕೂ ನಂಟಿಲ್ಲ. ಅದು ಸೂರ್ಯಕಾಂತಿಯ ಕುಟುಂಬದ್ದು. ನಮ್ಮ ಕುಂಡದಲ್ಲಿರುವುದು ಮೆಕ್ಸಿಕೊ, ಮಧ್ಯ ಅಮೆರಿಕದ ಕಾಡುಗಳಲ್ಲಿ ಮರದ ಕೊಂಬೆಗೆ ಅಂಟಿ ಬೆಳೆಯುವ ಒಂದು ಜಾತಿಯ ಕಳ್ಳಿ. ಇದಿಷ್ಟು ಗೊತ್ತಿದ್ದರೆ ಅರ್ಧ ಆರೈಕೆ ತಾನಾಗಿ ತಿಳಿಯುತ್ತದೆ.

‘ಇದು ನೆರಳಿನ ಗಿಡ’ ಎಂದು ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಇಡುವವರೇ ಹೆಚ್ಚು. ಮರದ ಎಲೆಗಳ ನಡುವಿಂದ ಸೋಸಿ ಬರುವ ಬೆಳಕು ಕತ್ತಲೆಯಲ್ಲವಲ್ಲ! ಬೆಳಗಿನ ಎಳೆಬಿಸಿಲು ಬಿದ್ದು, ಆಮೇಲೆ ದಿನವಿಡೀ ಒಳ್ಳೆಯ ಬೆಳಕಿರುವ ಪೂರ್ವದ ಬಾಲ್ಕನಿ ಇದಕ್ಕೆ ಹೇಳಿಮಾಡಿಸಿದ ಜಾಗ. ಹೊಸ ಚಿಗುರು ಅಗಲವಾಗದೆ ಸಣಕಲಾಗಿ ಚಾಚಿಕೊಳ್ಳುತ್ತಿದ್ದರೆ ಬೆಳಕು ಸಾಲದು ಎಂದರ್ಥ. ಮಧ್ಯಾಹ್ನದ ಉರಿಬಿಸಿಲಿಗಿಟ್ಟರೆ ಮಾತ್ರ ಹಳದಿಯಾಗಿ ಸುಟ್ಟುಹೋಗುತ್ತದೆ.

ಹೂ ಬರಲೆಂದು ಯೂರಿಯಾ ಹಾಕುವುದು ವ್ಯರ್ಥ. ಸಾರಜನಕ ಹೆಚ್ಚಾದಷ್ಟೂ ಹಸಿರು ಸೊಕ್ಕುತ್ತದೆ, ಮೊಗ್ಗು ಬರುವುದಿಲ್ಲ. ಅಕ್ಕಿ ತೊಳೆದ ನೀರನ್ನು ದಿನವೂ ಸುರಿಯುವ ಪ್ರೀತಿ ಇನ್ನೂ ಅಪಾಯಕಾರಿ, ಬೇರು ಕೊಳೆಯುತ್ತದೆ. ನೀರು ಬೇಗ ಬಸಿಯುವ ಮಣ್ಣು, ಅದಕ್ಕೆ ತೆಂಗಿನ ನಾರು, ಒಂದಿಷ್ಟು ಎರೆಗೊಬ್ಬರ ಸಾಕು. ಚಳಿಗಾಲದಲ್ಲಿ ಗೊಬ್ಬರ ನಿಲ್ಲಿಸಿ, ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಹಾಕಿ. ಆ ಬಿಡುವೇ ಮುಂದಿನ ಮೊಗ್ಗುಗಳಿಗೆ ತಯಾರಿ. ಪ್ರತಿವರ್ಷ ದೊಡ್ಡ ಕುಂಡಕ್ಕೆ ಬದಲಾಯಿಸುವುದೂ ಬೇಡ. ಬೇರಿಗೆ ತುಸು ಇಕ್ಕಟ್ಟಾದರೆ ಈ ಗಿಡಕ್ಕೆ ಬೇಸರವಿಲ್ಲ.

ಹಳೆಯದಾಯಿತೆಂದು ‘ಎಲೆ’ ಕತ್ತರಿಸುವವರು ಹೂವನ್ನೇ ಕತ್ತರಿಸುತ್ತಾರೆ. ಅದು ಎಲೆಯಲ್ಲ, ಚಪ್ಪಟೆಯಾದ ಕಾಂಡ. ಬಲಿತ ಕಾಂಡದ ಅಂಚಿನ ಕಚ್ಚುಗಳಲ್ಲೇ ಮೊಗ್ಗು ಮೂಡುವುದು. ತುಂಡಿನಿಂದ ಬೆಳೆಸಿದ ಗಿಡಕ್ಕೆ ಅಷ್ಟು ಬಲಿಯಲು ಸಾಮಾನ್ಯವಾಗಿ ಎರಡು ಮೂರು ವರ್ಷ ಬೇಕು.

ಮೊಗ್ಗು ಕಂಡ ಸಂಭ್ರಮದಲ್ಲಿ ಕುಂಡವನ್ನು ಹಾಲಿಗೋ ದೇವರಮನೆಗೋ ಸಾಗಿಸಿದರೆ ಮೊಗ್ಗು ಉದುರುವ ಸಂಭವವೇ ಹೆಚ್ಚು. ಬೆಳಕು, ಗಾಳಿ ದಿಢೀರನೆ ಬದಲಾಗುವುದು ಅದಕ್ಕಾಗದು. ಜೋತುಬಿದ್ದ ಮೊಗ್ಗು ಕೊಕ್ಕೆಯಂತೆ ಮೇಲಕ್ಕೆ ಬಾಗಿ ಉಬ್ಬಿತೆಂದರೆ ಅರಳುವ ರಾತ್ರಿ ಹತ್ತಿರ ಬಂತೆಂದು ಲೆಕ್ಕ. ನೆಂಟರು, ನೆರೆಯವರನ್ನೇ ಬಾಲ್ಕನಿಗೆ ಕರೆಯಿರಿ. ಪೂರ್ತಿ ಬಿರಿಯುವುದು ನಡುರಾತ್ರಿಯ ಹೊತ್ತಿಗೆ, ಬೆಳಗಾಗುವಷ್ಟರಲ್ಲಿ ಬಾಡಿರುತ್ತದೆ.