ಪಸಡೀನಾದ ತಿರುವಿನಲ್ಲಿ ಬ್ಯಾಂಡಿನ ಮಕ್ಕಳು

ಡಿಸೆಂಬರ್ 31ರ ರಾತ್ರಿ ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ ಸಾವಿರಾರು ಜನ ಬೀದಿಯಲ್ಲೇ ಮಲಗುತ್ತಾರೆ. ಕಂಬಳಿ, ಮಡಚುವ ಕುರ್ಚಿ ಹೊತ್ತು ಬಂದು ಕೊಲರಾಡೊ ಬುಲೆವಾರ್ಡಿನ ಅಂಚಿನಲ್ಲಿ ಜಾಗ ಹಿಡಿಯುತ್ತಾರೆ. ಹನ್ನೊಂದು ಗಂಟೆಯಾದರೆ ರಸ್ತೆಗೆ ಬಳಿದ ನೀಲಿ ಗೆರೆಯವರೆಗೂ ಸರಿದು ಕೂರಬಹುದು. ಅದೇ ಹೊತ್ತಿಗೆ ಸುತ್ತಲ ಹೋಟೆಲುಗಳಲ್ಲಿ ಹದಿನೈದು, ಹದಿನಾರರ ಬ್ಯಾಂಡಿನ ಮಕ್ಕಳು ನಿದ್ದೆ ಬಾರದೆ ಹೊರಳುತ್ತಿರುತ್ತಾರೆ. ಬೆಳಿಗ್ಗೆ ಎಂಟಕ್ಕೆ ರೋಸ್ ಪರೇಡ್. ಬೆಳಕು ಹರಿಯುವ ಮೊದಲೇ ಸಮವಸ್ತ್ರ ತೊಟ್ಟು ಸಾಲಿನಲ್ಲಿ ನಿಲ್ಲಬೇಕು.

1890ರಲ್ಲಿ ಊರಿನ ಒಂದು ಕ್ಲಬ್ ಶುರುಮಾಡಿದ ಹೂವಿನ ಮೆರವಣಿಗೆ ಇದು. ಜನವರಿ 1 ಭಾನುವಾರ ಬಂದರೆ ಮರುದಿನಕ್ಕೆ ಹೋಗುತ್ತದೆ. ಚರ್ಚಿನ ಮುಂದೆ ಕಟ್ಟಿದ ಕುದುರೆಗಳು ಬೆದರದಿರಲಿ ಎಂದು 1893ರಲ್ಲಿ ಮಾಡಿಕೊಂಡ ಕಟ್ಟಳೆ, ಕುದುರೆಗಳು ಹೋದ ಮೇಲೂ ಉಳಿದಿದೆ.

ಅಮೆರಿಕದ ಹೈಸ್ಕೂಲುಗಳಲ್ಲಿ ಮಾರ್ಚಿಂಗ್ ಬ್ಯಾಂಡ್ ಒಂದು ಪುಟ್ಟ ಸಂಸ್ಥಾನ. ಟ್ರಂಪೆಟ್, ಟ್ರಾಂಬೋನ್, ಕ್ಲಾರಿನೆಟ್ ನುಡಿಸುವವರು, ಡ್ರಮ್ಮಿನವರು, ಬಾವುಟ ತಿರುಗಿಸುವವರು, ಎಲ್ಲರನ್ನೂ ನಡೆಸುವ ಡ್ರಮ್ ಮೇಜರ್. ದೂರದೂರಿಗೆ ಹೊರಡುವುದೆಂದರೆ ಅಪ್ಪ ಅಮ್ಮಂದಿರ ಸಂಘವೂ ದುಡಿಯಬೇಕು: ಕೇಕು ಮಾರುವುದು, ಕಾರು ತೊಳೆದು ಕಾಸು ಕೂಡಿಸುವುದು. ಆಟದ ತಂಡದಲ್ಲಿ ಅವಕಾಶ ಸಿಗದೆ ಹೊರಗೆ ಕೂರುವವರಿರುತ್ತಾರೆ. ಬ್ಯಾಂಡಿನಲ್ಲಿ ಹಾಗಲ್ಲ; ಸಾಲಿನಲ್ಲಿ ಒಬ್ಬ ಇಲ್ಲದಿದ್ದರೂ ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತದೆ.

ನುಡಿಸುತ್ತ ನಡೆಯುವುದು ಸುಲಭವಲ್ಲ. ಹೆಜ್ಜೆ ಧೊಪ್ಪನೆ ಬಿದ್ದರೆ ತುಟಿ ಅದುರಿ ಸ್ವರ ಒಡೆಯುತ್ತದೆ. ಅದಕ್ಕೇ ಮೊದಲು ಹಿಮ್ಮಡಿ ಊರಿ, ಪಾದವನ್ನು ಬೆರಳಿನವರೆಗೆ ಉರುಳಿಸುವ ನಡಿಗೆಯನ್ನು ಬೇಸಗೆಯ ಶಿಬಿರದಲ್ಲೇ ರೂಢಿಸಿಕೊಳ್ಳುತ್ತಾರೆ. ದೊಡ್ಡ ಭಾರ ಸೂಸಾಫೋನಿನವರದು. ಬ್ಯಾಂಡ್ ಸಂಗೀತಗಾರ ಜಾನ್ ಫಿಲಿಪ್ ಸೂಸಾ ಹೆಸರಿನ ಆ ಹಿತ್ತಾಳೆ ವಾದ್ಯ ಮೈಗೆ ಸುತ್ತಿಕೊಂಡು ಹೆಗಲ ಮೇಲೆ ಕೂರುತ್ತದೆ. ಅದನ್ನು ಹೊತ್ತು ಸುಮಾರು ಒಂಬತ್ತು ಕಿಲೋಮೀಟರ್ ನಡೆಯಬೇಕು. ಮೈಸೂರು ದಸರಾದ ಜಂಬೂಸವಾರಿ ಅರಮನೆಯಿಂದ ಬನ್ನಿಮಂಟಪಕ್ಕೆ ಸಾಗುವ ದೂರ ಸುಮಾರು ಐದು ಕಿಲೋಮೀಟರ್; ಪೊಲೀಸ್ ಬ್ಯಾಂಡಿನವರನ್ನು ಅಲ್ಲಿ ನೋಡಿದವರಿಗೆ ಈ ನಡಿಗೆಯ ಬೆಲೆ ಗೊತ್ತು.

ಎಲ್ಲರಿಗೂ ಅಳುಕಿರುವುದು ಒಂದು ಮೂಲೆಯ ಬಗ್ಗೆ. ಆರೆಂಜ್ ಗ್ರೋವ್ ರಸ್ತೆಯಿಂದ ಕೊಲರಾಡೊಗೆ ಬಲಕ್ಕೆ ತಿರುಗುವಲ್ಲಿ ಲಂಬಕೋನವನ್ನೂ ಮೀರಿದ ಕಡಿದಾದ ತಿರುವಿದೆ. ಬಲತುದಿಯವರು ನಿಂತಲ್ಲೇ ಎನ್ನುವಷ್ಟು ಚಿಕ್ಕ ಹೆಜ್ಜೆ ಹಾಕಬೇಕು, ಎಡತುದಿಯವರು ದಾಪುಗಾಲು. ನಡುವಿನವರು ಎರಡನ್ನೂ ಹೊಂದಿಸಿಕೊಳ್ಳಬೇಕು. ಸಂಗೀತ ನಿಲ್ಲುವಂತಿಲ್ಲ. ಟಿವಿ ಕ್ಯಾಮೆರಾಗಳು ಕಾದಿರುವುದೂ ಅಲ್ಲೇ. ನೂರಾರು ಮಕ್ಕಳ ಸಾಲು ಬಾಗಿಲಿನಂತೆ ತಿರುಗಿ ಮತ್ತೆ ನೆಟ್ಟಗಾಗುವ ಆ ಕ್ಷಣ, ಪರೇಡಿನ ಯಾವ ಹೂವಿನ ತೇರಿಗಿಂತಲೂ ಚೆಂದ.

ಜಪಾನಿನ ಕ್ಯೋಟೊ ತಾಚಿಬಾನಾ ಹೈಸ್ಕೂಲಿನ ಕಿತ್ತಳೆ ಬಣ್ಣದ ಬ್ಯಾಂಡ್ 2012ರಲ್ಲಿ ಇಲ್ಲಿಗೆ ಬಂತು. ಆ ವರ್ಷ ಜನವರಿ 1 ಭಾನುವಾರ, ಹಾಗಾಗಿ ಪರೇಡ್ ನಡೆದದ್ದು 2ರಂದು. ಈ ಮಕ್ಕಳು ಬರೀ ನಡೆಯುವುದಿಲ್ಲ. 'ಸಿಂಗ್ ಸಿಂಗ್ ಸಿಂಗ್' ಹಾಡು ನುಡಿಸುತ್ತಲೇ ಕುಣಿಯುತ್ತಾರೆ, ನೆಗೆಯುತ್ತಾರೆ, ತುಟಿ ಮಾತ್ರ ವಾದ್ಯ ಬಿಡುವುದಿಲ್ಲ. 2018ರಲ್ಲಿ ಮತ್ತೆ ಬಂದಾಗ ಹಾದಿಯುದ್ದಕ್ಕೂ ಜನ ಅವರಿಗಾಗಿ ಕಾದಿದ್ದರು.

ಕೊನೆಗೆ ಹೆದ್ದಾರಿಯ ಸೇತುವೆ. ಎತ್ತರದ ತೇರುಗಳು ತಲೆ ತಗ್ಗಿಸಿ ಅದರಡಿ ನುಸುಳುತ್ತವೆ. ಡ್ರಮ್ಮಿನ ಪೆಟ್ಟು ಕಾಂಕ್ರೀಟಿಗೆ ಬಡಿದು ಎದೆಗೇ ವಾಪಸು ಬರುತ್ತದೆ. ಇನ್ನು ಸ್ವಲ್ಪ ದೂರ ನಡೆದರೆ ಟೋಪಿ ತೆಗೆಯಬಹುದು, ಕೂರಬಹುದು, ನೀರು ಕುಡಿಯಬಹುದು.

ಇಷ್ಟೆಲ್ಲ ನಡೆದವರು ಪರೇಡನ್ನು ನೋಡಿರುವುದೇ ಇಲ್ಲ. ಅವರಿಗೆ ಕಂಡದ್ದು ಮುಂದಿನವರ ಬೆನ್ನು, ಓರೆಗಣ್ಣಿಗೆ ಸಿಕ್ಕ ಪಕ್ಕದವರ ಹೆಗಲು. ಊರಿಗೆ ಮರಳಿದ ಮೇಲೆ ಮನೆಯವರು ಉಳಿಸಿಟ್ಟ ವಿಡಿಯೊ ಹಾಕಿ, ಆ ಮೂಲೆಯಲ್ಲಿ ತಮ್ಮ ಸಾಲು ನೆಟ್ಟಗಿತ್ತೇ ಎಂದು ಮತ್ತೆ ಮತ್ತೆ ಹಿಂದಕ್ಕೆ ಓಡಿಸಿ ನೋಡುತ್ತಾರೆ.