ಬೆಂಕಿ ಕಾಯುವ ಮುಖವಾಡ

ಮುಖವಾಡ ಅಂದ ಕೂಡಲೇ ನಮಗೆ ನೆನಪಾಗೋದು ನಾಟಕ, ಹಬ್ಬ, ಇಲ್ಲಾಂದ್ರೆ ಗೋಡೆಗೆ ತೂಗುಹಾಕುವ ಅಲಂಕಾರ. ಆದ್ರೆ ಊರಿಗೆ ಬೆಂಕಿ ಬೀಳದಂತೆ ನೋಡಿಕೊಳ್ಳೋ ಮುಖವಾಡವೂ ಇದೆ! ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್‌ನ ಪಶ್ಚಿಮ ಭಾಗದಲ್ಲೂ ಪಕ್ಕದ ಲೈಬೀರಿಯಾದಲ್ಲೂ ವಾಸಿಸುವ ದಾನ್ ಜನರ ಮರದ ಮುಖವಾಡಗಳ ಬಗ್ಗೆ ಈ ಸಲ ತಿಳಿಯೋಣ.

ದಾನ್ ಜನರ ನಂಬಿಕೆಯಂತೆ ಕಾಡಿನಲ್ಲಿ 'ಗ್ಲೆ' ಎಂಬ ಅಗೋಚರ ಶಕ್ತಿಗಳಿವೆ. ಊರಿನ ಬದುಕಿನಲ್ಲಿ ಸೇರಿಕೊಳ್ಳೋ ಆಸೆ ಅವಕ್ಕೆ, ಆದರೆ ದೇಹವಿಲ್ಲ. ಹಾಗಾಗಿ ಗ್ಲೆ ಒಬ್ಬನ ಕನಸಿನಲ್ಲಿ ಬಂದು, ತನಗೆ ಎಂಥ ಮುಖ ಬೇಕು ಅಂತ ತಿಳಿಸುತ್ತದೆ. ಹಿರಿಯರು ಒಪ್ಪಿದ ಮೇಲೇ ಕೆತ್ತನೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಮೊದಲು ರಿಕ್ವೈರ್‌ಮೆಂಟ್, ಆಮೇಲೆ ಅಪ್ರೂವಲ್, ಕೊನೆಗೆ ಡಿಸೈನ್!

ಡಿಸೈನ್‌ನಲ್ಲಿ ಮುಖ್ಯವಾಗಿ ಗಮನಿಸಬೇಕಾದ್ದು ಕಣ್ಣು. 'ಡೆಯಾಂಗ್ಲೆ' ಎಂಬ ಸೌಮ್ಯ ಮುಖವಾಡಕ್ಕೆ ಸಣ್ಣ ಸೀಳಿನಂಥ ಕಣ್ಣು, ನುಣುಪಾದ ಅಂಡಾಕಾರದ ಮುಖ. ದೀಕ್ಷೆಗೆಂದು ಕಾಡಿನ ಶಿಬಿರದಲ್ಲಿರುವ ಹುಡುಗರಿಗೆ ಊರಿನ ಹೆಂಗಸರಿಂದ ಊಟ ಕೇಳಿ ತರೋದು ಇದರ ಕೆಲಸ. ಇದಕ್ಕೆ ಅವಸರವಿಲ್ಲ.

'ಗುನ್ಯೆ ಗೆ' ಓಟದ ಮುಖವಾಡ. ಇದನ್ನು ಧರಿಸಿದವನು, ಮುಖವಾಡವಿಲ್ಲದ ಓಟಗಾರನನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯಬೇಕು. ಸೀಳುಗಣ್ಣಿನಲ್ಲಿ ದಾರಿ ಕಾಣದೆ ಎಡವಿ ಬೀಳೋದು ಗ್ಯಾರಂಟಿ! ಅದಕ್ಕೇ ಇದಕ್ಕೆ ದೊಡ್ಡ ದುಂಡುಗಣ್ಣು. ಬೆಂಕಿ ಕಾಯುವ 'ಝಾಕ್‌ಪೈ ಗೆ'ಗೂ ಅಂಥದ್ದೇ ಕಣ್ಣು. ಬೇಸಿಗೆಯ ಒಣಗಾಳಿಯಲ್ಲಿ ಒಂದು ಕಿಡಿ ಹಾರಿದರೂ ಹುಲ್ಲಿನ ಸೂರುಗಳು ಸಾಲಾಗಿ ಹೊತ್ತಿಕೊಳ್ಳುತ್ತವೆ. ಗಾಳಿ ಜೋರಾಗುವ ಮುಂಚೆ ಒಲೆಗಳು ಆರಿವೆಯಾ ಅಂತ ಇದು ಮನೆಮನೆಗೂ ಹೋಗಿ ನೋಡುತ್ತಿತ್ತು. ಆರಿಸದವರಿಗೆ ಶಿಕ್ಷೆಯೂ ಇತ್ತು.

ಹಾಗಾದ್ರೆ ಕಣ್ಣು ನೋಡಿ ಕೆಲಸ ಹೇಳಿಬಿಡಬಹುದಾ? ಅಷ್ಟು ಸುಲಭವಲ್ಲ. ಒಂದೇ ಮುಖವಾಡ ಕಾಲಕ್ರಮದಲ್ಲಿ ಬೇರೆ ಕೆಲಸಕ್ಕೆ ಬಡ್ತಿ ಪಡೆಯಬಹುದು. ಅದು ಯಾವುದು ಅನ್ನೋದು ಉಡುಪು, ತಲೆಯ ಅಲಂಕಾರ, ನಡಿಗೆ, ದನಿ ಎಲ್ಲ ಸೇರಿದಾಗಲೇ ಗೊತ್ತಾಗೋದು. ದಾನ್ ಜನರಿಗೆ ಇವೆಲ್ಲ ಸೇರಿದ್ದೇ ಗ್ಲೆ. ಒಳಗಿರುವ ಮನುಷ್ಯ ಲೆಕ್ಕಕ್ಕಿಲ್ಲ.

1926ರಿಂದ ಲೈಬೀರಿಯಾದ ಗಾಂಟಾದಲ್ಲಿದ್ದ ಅಮೆರಿಕದ ಮಿಷನ್ ವೈದ್ಯ ಜಾರ್ಜ್ ಹಾರ್ಲಿ ಆ ಭಾಗದ ನೂರಾರು ಮುಖವಾಡಗಳನ್ನು ಸಂಗ್ರಹಿಸಿದರು. ಬಹಳಷ್ಟು ಇಂದು ಹಾರ್ವರ್ಡ್‌ನ ಪೀಬಾಡಿ ಮ್ಯೂಸಿಯಂನಲ್ಲಿವೆ. ಹೀಗೆ ಮ್ಯೂಸಿಯಂ ಸೇರಿದ ಮುಖವಾಡಗಳಲ್ಲಿ ಹೆಚ್ಚಿನವಕ್ಕೆ ಮರದ ಮುಖ ಮಾತ್ರ ಉಳಿದಿದೆ, ಉಡುಪೂ ಇಲ್ಲ, ದನಿಯೂ ಇಲ್ಲ. ಎಲ್ಲಾದರೂ ದಾನ್ ಮುಖವಾಡ ಕಂಡರೆ ಅದರ ಅಂಚನ್ನು ನೋಡಿ: ಸುತ್ತ ಸಣ್ಣ ತೂತುಗಳಿರುತ್ತವೆ. ಉಳಿದ ಮೈಯನ್ನು ಕಟ್ಟುತ್ತಿದ್ದದ್ದು ಅಲ್ಲಿಗೇ.